ಭುಜಬಲಿಯವರ ಬಂಟ್ವಾಳದ ಬೆಂಚು

ಬಂಟ್ವಾಳ ರೈಲು ನಿಲ್ದಾಣದ ಹೊರಗೆ ಸುಲೈಮಾನನ ಚಾದಂಗಡಿ ಉಂಟು. ಅದರ ಪಕ್ಕದ ಕಲ್ಲುಬೆಂಚಿನಲ್ಲಿ ವಾರಕ್ಕೊಮ್ಮೆಯಾದರೂ ಒಬ್ಬರು ಬಂದು ಕೂರುತ್ತಾರೆ. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಎಡಗಿವಿಯಲ್ಲಿ ಇಯರ್‌ಫೋನು, ತೊಡೆಯ ಮೇಲೊಂದು ಬಟ್ಟೆಯ ಚೀಲ. ಇಯರ್‌ಫೋನಿನ ವಯರು ಚೀಲದೊಳಗೆ ಇಳಿದು ಕಾಣದಾಗುತ್ತದೆ. ಹೊರಗೆ ಸಾಲುಗಟ್ಟಿದ ಆಟೋದವರು ಇವರು ಯಕ್ಷಗಾನ ಕೇಳುತ್ತಿದ್ದಾರೆ ಎಂದುಕೊಂಡಿದ್ದಾರೆ. ಯಾವ ಪ್ರಸಂಗ ಎಂದು ಒಬ್ಬ ಕೇಳಿಯೂ ಇದ್ದ. 'ದೊಡ್ಡ ಪ್ರಸಂಗ, ಮುಗಿಯುವ ಲಕ್ಷಣ ಇಲ್ಲ' ಎಂದು ಇವರು ಸುಳ್ಳಲ್ಲದ ಉತ್ತರ ಕೊಟ್ಟಿದ್ದರು.

ಇವರು ಮೂಡುಬಿದಿರೆಯ ಭುಜಬಲಿ. ಹೆಸರಿಗೆ ತಕ್ಕ ತೋಳು ಇಲ್ಲ ಎಂದು ಚಿಕ್ಕಂದಿನಿಂದ ತಮಾಷೆ ಕೇಳಿ ಕೇಳಿ ಬೇಸತ್ತವರು. ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ರೇಡಿಯೋ ಹೋಗಿ ಟೇಪ್‌ರೆಕಾರ್ಡರ್ ಬಂತು, ಅದು ಹೋಗಿ ಟೀವಿ ಬಂತು, ಈಗ ಯಾವುದನ್ನೂ ಯಾರೂ ರಿಪೇರಿ ಮಾಡಿಸುವುದಿಲ್ಲ. ಬರುವುದೆಲ್ಲ ಮಿಕ್ಸಿ. ಮಿಕ್ಸಿಗೆ ದನಿ ಉಂಟೇ ಹೊರತು ಮಾತಿಲ್ಲ ಎಂಬುದು ಅವರ ದೂರು. ಹಾಗಾಗಿ ವಾರಕ್ಕೊಂದು ದಿನ ಅಂಗಡಿಗೆ ಬಾಗಿಲು ಹಾಕಿದರೆ ಊರಿಗೇನೂ ನಷ್ಟವಿಲ್ಲ. ಬಿಡಿಭಾಗ ತರಲಿಕ್ಕೆ ಬಿ.ಸಿ.ರೋಡಿಗೆ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿ ಸಿದ್ದಕಟ್ಟೆಯ ಮೇಲಿನಿಂದ ಹೋಗುವ ಬಸ್ಸು ಹತ್ತುತ್ತಾರೆ. ಬಂಟ್ವಾಳದ ರೈಲು ನಿಲ್ದಾಣ ಇರುವುದೂ ಬಿ.ಸಿ.ರೋಡಿನಲ್ಲೇ. ಹೆಂಡತಿ ಅನಂತಮತಿ ಏನೂ ಕೇಳದೆ ಬುತ್ತಿ ಕಟ್ಟಿಕೊಡುತ್ತಾರೆ. ಒಬ್ಬರಿಗೆ ಮುಗಿಯದಷ್ಟು ಕಟ್ಟುತ್ತಾರೆ. ಅರ್ಧ ವಾಪಸು ಬಂದರೂ ಮುಂದಿನ ಸಲ ಅಷ್ಟೇ ಕಟ್ಟುತ್ತಾರೆ.

ಚೀಲದೊಳಗೆ ಇರುವುದು ಸ್ಕ್ಯಾನರ್. ಸುಲೈಮಾನ್ ಹಿಂದೆ ಗಲ್ಫಿನ ಬಂದರೊಂದರಲ್ಲಿ ಕೆಲಸಕ್ಕಿದ್ದವನು. ಅಲ್ಲಿ ಹಡಗಿನವರ ಮಾತು ಕೇಳುತ್ತಾ ಹೊತ್ತು ಕಳೆಯಲು ಕೊಂಡ ಯಂತ್ರವನ್ನು ಊರಿಗೆ ಬರುವಾಗ ಜೊತೆಗೆ ತಂದಿದ್ದ. ನರಿಕೊಂಬಿನ ಅವನ ಮನೆಯ ಅಟ್ಟದಲ್ಲಿ ಅದು ಗೆದ್ದಲಿನ ಜೊತೆ ಮಲಗಿತ್ತು. ಭುಜಬಲಿ ಅದಕ್ಕೆ ಜೀವ ತುಂಬಿದರು. ಗಾಳಿಯಲ್ಲಿ ಹಾರಾಡುವ ಮಾತನ್ನು ಒಂದೊಂದಾಗಿ ಹುಡುಕಿ ಹಿಡಿಯುವ ಪೆಟ್ಟಿಗೆ ಅದು. ರೈಲಿನ ಡ್ರೈವರು, ಗಾರ್ಡು, ಸ್ಟೇಷನ್ ಮಾಸ್ಟರು ವಾಕಿಟಾಕಿಯಲ್ಲಿ ಆಡುವ ಮಾತೆಲ್ಲ ಅದರಲ್ಲಿ ಬರುತ್ತದೆ. ಆದರೆ ಹತ್ತಿರವಿದ್ದರೆ ಮಾತ್ರ. ಮೂಡುಬಿದಿರೆಗೆ ರೈಲೇ ಇಲ್ಲ, ಇನ್ನು ರೈಲಿನ ಮಾತು ಎಲ್ಲಿಂದ ಬರಬೇಕು? ಅದಕ್ಕೇ ಈ ಬಸ್ಸು, ಈ ಬೆಂಚು.

'ಪೊಲೀಸರು ಹಿಡಿದ್ರೆ ನನ್ನ ಹೆಸರು ಹೇಳಬೇಡಿ ಮಾರಾಯ್ರೆ' ಎಂದು ಸುಲೈಮಾನ್ ಆಗಾಗ ಹೇಳುತ್ತಾನೆ.

'ಯಂತ್ರ ನಿನ್ನದು, ಬೆಂಚು ನಿನ್ನದು, ಚಾ ನಿನ್ನದು. ನನ್ನದೆಂದರೆ ಈ ಒಂದು ಕಿವಿ' ಎನ್ನುತ್ತಾರೆ ಭುಜಬಲಿ.

ಆ ಕಿವಿ ಕಾಯುವುದು ಒಂದೇ ಒಂದು ದನಿಗೆ. ಅವರ ಒಬ್ಬಳೇ ಮಗಳು ಅನಿಷಾ ಗೂಡ್ಸ್ ಗಾಡಿಯ ಗಾರ್ಡು. ಈಗ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂದು ಹೆಸರು. ಹೆಸರು ಬದಲಾಯಿತು, ಕೂರುವ ಜಾಗ ಬದಲಾಗಲಿಲ್ಲ. ಗಾಡಿಯ ಕಟ್ಟಕಡೆಗೆ, ಸಾಲುಸಾಲು ವ್ಯಾಗನ್ನುಗಳ ಹಿಂದೆ, ಕಬ್ಬಿಣದ ಒಂದು ಗೂಡು. ಅದರಲ್ಲಿ ಒಬ್ಬಳೇ ಕೂತು ಹಸಿರು ಕೆಂಪು ಬಾವುಟ ಇಟ್ಟುಕೊಂಡು ಹೋಗಬೇಕು. ಗೂಡ್ಸ್ ಗಾಡಿಗೆ ಹೊರಡುವ ಹೊತ್ತೂ ಇಲ್ಲ, ತಲುಪುವ ಹೊತ್ತೂ ಇಲ್ಲ. ಪ್ಯಾಸೆಂಜರ್ ಗಾಡಿಗಳಿಗೆಲ್ಲ ದಾರಿ ಬಿಟ್ಟುಕೊಟ್ಟು, ಉಳಿದ ಹೊತ್ತಿನಲ್ಲಿ ಹೋಗುವ ಗಾಡಿ ಅದು. ನೆಂಟರ ಮದುವೆಯಲ್ಲಿ ಬಡಿಸುವವರ ಊಟದ ಹಾಗೆ.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಭುಜಬಲಿ ಒಂದು ಎಡವಟ್ಟು ಮಾಡಿದ್ದರು. ಒಂದು ಸಂಜೆ ಮಗಳ ಫೋನು ಸಿಗಲಿಲ್ಲವೆಂದು ಅವಳು ಹಾಜರಿ ಹಾಕುವ ಆಫೀಸಿಗೇ ಫೋನು ಮಾಡಿ, 'ನನ್ನ ಮಗಳು ಊಟ ಮಾಡಿದ್ಳಾ?' ಎಂದು ವಿಚಾರಿಸಿಬಿಟ್ಟರು. ಅವರ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆಯೇ. ಇವರದು ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟ ಆಗಬೇಕು, ಆಮೇಲೆ ಬೆಳಗಿನವರೆಗೆ ಇಲ್ಲ. ಅನಿಷಾ ಹುಟ್ಟಿದಾಗಿನಿಂದ ಅದು ತಪ್ಪಿದ್ದಿಲ್ಲ. ಆದರೆ ಆಫೀಸಿನಲ್ಲಿದ್ದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮರುದಿನದಿಂದ ಮಗಳು ಕಂಡಲ್ಲಿ 'ಊಟ ಆಯ್ತಾ ಮೇಡಂ?' ಎಂಬ ನಗೆ. ಅವಳು ರಜೆಯಲ್ಲಿ ಮನೆಗೆ ಬಂದವಳೇ ಅಳು ಕಟ್ಟಿಕೊಂಡು ಹೇಳಿದಳು.

'ಇನ್ನು ಹೀಗೆಲ್ಲ ವಿಚಾರಿಸ್ಲಿಕ್ಕೆ ಹೋಗಬೇಡಿ ಅಪ್ಪ. ನಾನು ಸಣ್ಣ ಮಗು ಅಲ್ಲ.'

'ಆಯ್ತು. ಇನ್ನು ಏನೂ ವಿಚಾರಿಸುವುದಿಲ್ಲ' ಎಂದರು ಭುಜಬಲಿ.

ಕೊಟ್ಟ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ, ಆಮೇಲೆ ಮಗಳು ತಾನಾಗಿ ಫೋನು ಮಾಡಿದರೂ ಇವರು ಮಳೆ, ಸೆಖೆ, ಪಕ್ಕದ ಮನೆಯ ದನ ಕರು ಹಾಕಿದ್ದು ಇಷ್ಟನ್ನೇ ಮಾತಾಡುತ್ತಿದ್ದರು. ಅವಳು 'ಎಲ್ಲ ಸರಿ ಉಂಟು ಅಪ್ಪ' ಎನ್ನುತ್ತಿದ್ದಳು. ಇವರು 'ಹಾಂ, ಸರಿ' ಎನ್ನುತ್ತಿದ್ದರು. ಇಬ್ಬರೂ ಫೋನು ಇಟ್ಟ ಮೇಲೆ ಅನಂತಮತಿ 'ಇಷ್ಟು ಹೇಳ್ಲಿಕ್ಕೆ ಕಾರ್ಡು ಬರೆದ್ರೂ ಸಾಕಿತ್ತು' ಎಂದು ಗೊಣಗುತ್ತಿದ್ದರು.

ಆದರೆ ಆಲಿಸುವುದಿಲ್ಲ ಎಂದು ಭುಜಬಲಿ ಮಾತು ಕೊಟ್ಟಿರಲಿಲ್ಲವಲ್ಲ! ಮನುಷ್ಯ ಎಷ್ಟು ಸಾಧುವಾದರೂ ತನ್ನ ಮಾತಿನಲ್ಲಿ ತಾನು ನುಸುಳುವಷ್ಟು ಕಂಡಿ ಇಟ್ಟುಕೊಂಡಿರುತ್ತಾನೆ.

ಹೀಗೆ ಶುರುವಾಯಿತು ಬೆಂಚಿನ ವಾಸ. ಹೆಚ್ಚಿನ ದಿನ ಮಗಳ ಗಾಡಿ ಬರುವುದೇ ಇಲ್ಲ. ಇವತ್ತು ಯಾವ ಗಾಡಿ ಎಂದು ಅವಳಲ್ಲಿ ಕೇಳುವಂತಿಲ್ಲವಷ್ಟೆ. ಕಿವಿಯಲ್ಲಿ ಗರಗರ ಸದ್ದು, ನಡುವೆ ಯಾರೋ ಇಂಗ್ಲಿಷು ಹಿಂದಿ ಮಲಯಾಳ ಬೆರೆಸಿ ಆಡುವ ಮಾತು. ಗಾಡಿ ಹೊಳೆಯ ಸೇತುವೆ ದಾಟಿ ದೂರ ಹೋದ ಹಾಗೆ ಆ ಮಾತೂ ಸಣ್ಣದಾಗಿ ಸಾಯುತ್ತದೆ. ಸೊಂಟ ಹಿಡಿದುಕೊಂಡು ಎದ್ದು ಬಸ್ಸು ಹತ್ತಿ ಮನೆಗೆ ಬಂದರೆ ಮೈಯೆಲ್ಲ ಭಾರ. ಅವಳ ಗಾಡಿ ಬಂದ ದಿನವಾದರೆ ಆ ಭಾರ ಗೊತ್ತಾಗುವುದಿಲ್ಲ. 'ಬಂಟ್ವಾಳ ಮಾಸ್ಟ್ರೇ, ಗೂಡ್ಸ್ ಮ್ಯಾನೇಜರ್. ಆಲ್ ರೈಟ್.' ಇಷ್ಟೇ ಅವಳ ಮಾತು. ಆ ಆಲ್ ರೈಟಿನಲ್ಲಿ ಮಗಳಿಗೆ ಜ್ವರವೋ ಶೀತವೋ ಸಿಟ್ಟೋ ಎಂದು ಇವರು ಬಿಡಿಸಿ ನೋಡುತ್ತಿದ್ದರು. ಒಮ್ಮೊಮ್ಮೆ ಗಾಡಿ ಇಲ್ಲಿಯೇ ಲೂಪ್ ಲೈನಿನಲ್ಲಿ ನಿಲ್ಲುತ್ತಿತ್ತು. ಎದುರಿನಿಂದ ಬರುವ ಗಾಡಿಗೆ ದಾರಿ ಕೊಡಲು ಬದಿಗೆ ಸರಿದು ನಿಲ್ಲುವ ಹಳಿ ಅದು. ಅಂಥ ದಿನ ಸಂಜೆಯಾಗುತ್ತ ಬಂದಂತೆ ಅನಿಷಾಳ ದನಿ ಪೂರ್ತಿ ನಿಂತುಬಿಡುತ್ತಿತ್ತು. ಆಗ ಭುಜಬಲಿ ಪಡುವಣದ ಕಡೆ ನೋಡಿ, ಹೊತ್ತು ಮುಳುಗಲು ಇನ್ನೂ ಇದೆ ಎಂದು ಲೆಕ್ಕ ಹಾಕಿ, ಅವಳು ಡಬ್ಬಿ ಬಿಚ್ಚಿರಬೇಕು ಎಂದು ತಾವೂ ಬುತ್ತಿ ಬಿಚ್ಚುತ್ತಿದ್ದರು. ಮಗಳು ಅಲ್ಲಿ, ತಾವು ಇಲ್ಲಿ, ಒಂದೇ ಹೊತ್ತಿಗೆ ಊಟ. ಆ ಮೌನ ಅವರಿಗೆ ಅವಳ ಮಾತಿಗಿಂತ ರುಚಿಯಾಗಿತ್ತು.

ಹೀಗಿರುವಾಗ ಬೆಳ್ತಂಗಡಿಯ ಪಕ್ಕದ ಲಾಯಿಲದಿಂದ ಸಂಬಂಧ ಬಂತು. ಹುಡುಗ ರಿಷಭ್, ಅಪ್ಪನ ಜೊತೆ ವ್ಯಾಪಾರ ನೋಡಿಕೊಳ್ಳುವವನು. ಒಳ್ಳೆಯವನು. ಕೆಟ್ಟವನಾಗಿದ್ದರೆ ಭುಜಬಲಿಯವರ ಕೆಲಸ ಸುಲಭವಾಗುತ್ತಿತ್ತು. ಮನೆಯವರೂ ಮರ್ಯಾದಸ್ತರು, ಅವರದು ಒಂದೇ ಮಾತು. ಮದುವೆಯಾದ ಮೇಲೆ ರೈಲಿನ ಕೆಲಸ ಬೇಡ. ಹಗಲು ರಾತ್ರಿ ಇಲ್ಲದೆ ಹೆಣ್ಣುಮಗಳು ಒಬ್ಬಳೇ ಗೂಡ್ಸ್ ಗಾಡಿಯಲ್ಲಿ ಯಾಕೆ ಸಾಯಬೇಕು? ಶುಕ್ರವಾರ ಫೋನು ಮಾಡುತ್ತೇವೆ, ಆಗುತ್ತದೋ ಇಲ್ಲವೋ ಹೇಳಿಬಿಡಿ ಎಂದಿದ್ದರು.

ಅನಂತಮತಿಗೆ ಒಪ್ಪಿಗೆಯಿತ್ತು. ಮಗಳಿಗೆ ಫೋನು ಮಾಡಿದ್ದು ಅವರೇ. ಅನಿಷಾ 'ಅಪ್ಪ ಹೇಳಿದ ಹಾಗೆ ಆಗಲಿ' ಎಂದಿದ್ದಳು. ಅಲ್ಲಿಗೆ ಮಗಳ ಬಾಳು ತಂದೆಯ ತೊಡೆಯ ಮೇಲೆ ಬಂದು ಕೂತಿತು. ಭುಜಬಲಿಗೆ ನಿದ್ದೆ ಹಾರಿತು. ಆ ಮಾತು ಒಪ್ಪಿಗೆಯೋ, ಸುಸ್ತೋ? ನೇರ ಕೇಳೋಣವೆಂದರೆ ಕೊಟ್ಟ ಮಾತು ಅಡ್ಡ. ಅವಳ ದನಿ ಒಂದು ಸಲ ಕಿವಿಗೆ ಬಿದ್ದರೆ ತನಗೆ ತಿಳಿದೀತು ಎಂದು ಗುರುವಾರ ಮಧ್ಯಾಹ್ನವೇ ಚೀಲ ಹೆಗಲಿಗೇರಿಸಿ ಹೊರಟರು.

ಬೇಸಗೆಯ ಕೊನೆ. ಬಿ.ಸಿ.ರೋಡಿನಲ್ಲಿ ಬಸ್ಸಿಳಿದರೆ ಉಸಿರು ಕಟ್ಟುವ ಸೆಖೆ. ಮಧ್ಯಾಹ್ನ ಕಳೆದು ಸಂಜೆಯ ಹೊತ್ತಿಗೆ ಗೊಬ್ಬರ ತುಂಬಿದ ಗೂಡ್ಸೊಂದು ಹೊಟ್ಟೆ ಎಳೆದುಕೊಂಡು ಬಂದು ಲೂಪ್ ಲೈನಿನಲ್ಲಿ ನಿಂತಿತು. ಕಿವಿಯಲ್ಲಿ ಗರಗರ ಸದ್ದು ಸೀಳಿ ಮಗಳು ಬಂದಳು.

'ಬಂಟ್ವಾಳ ಮಾಸ್ಟ್ರೇ, ಗೂಡ್ಸ್ ಮ್ಯಾನೇಜರ್. ಕ್ರಾಸಿಂಗಿಗೆ ಹೊತ್ತು ಉಂಟಾ?'

'ಎದುರುಗಡೆ ಗಾಡಿ ಬರ್ತಾ ಇದೆ ಮೇಡಂ. ದಾಟಿದ ಕೂಡ್ಲೇ ಬಿಡ್ತೀವಿ, ರೆಡಿಯಾಗಿರಿ' ಎಂದರು ಮಾಸ್ಟರು. ಅವರು ಹಾಸನದ ಕಡೆಯವರು.

'ಇಲ್ಲಿ ತಿನ್ಲಿಕ್ಕೆ ಏನಾದ್ರೂ ಸಿಗ್ತದಾ ಮಾಸ್ಟ್ರೇ? ನನ್ನ ಡಬ್ಬಿ ಸೆಖೆಗೆ ಹಳಸಿ ಹೋಗಿದೆ.'

'ಹೊರಗಡೆ ಒಂದು ಟೀ ಅಂಗಡಿ ಇದೆ. ಆದ್ರೆ ನೀವು ಗಾಡಿ ಬಿಟ್ಟು ಬರೋ ಹಾಗಿಲ್ಲ, ನಮ್ಮ ಹುಡುಗರೂ ಪಾಯಿಂಟಿನ ಹತ್ರ ಇದ್ದಾರೆ.'

'ಆಲ್ ರೈಟ್.'

ಭುಜಬಲಿಯವರ ಕೈ ತಾನಾಗಿ ಬುತ್ತಿಯ ಮೇಲೆ ಹೋಯಿತು. ಅಕ್ಕಿತರಿಯ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಪುಂಡಿ, ನೆಂಚಿಕೊಳ್ಳಲು ಹೆಸರುಕಾಳಿನ ಗಸಿ, ಇನ್ನೂ ಬೆಚ್ಚಗಿತ್ತು. ಇಬ್ಬರಿಗಾಗುವಷ್ಟು. ಸೂರ್ಯ ತೆಂಗಿನ ತಲೆಯ ಮೇಲಿದ್ದ. ಈಗ ಎದ್ದು ಪ್ಲಾಟ್‌ಫಾರ್ಮ್ ದಾಟಿ ನಡೆದರೆ ಹೊತ್ತಿನೊಳಗೆ ಮುಟ್ಟಬಹುದು. ಆದರೆ ಹೋಗಿ ಏನೆಂದು ನಿಲ್ಲುವುದು? ಬಿಡಿಭಾಗ ತರಲು ಬಂದವ ದಾರಿ ತಪ್ಪಿ ನಿನ್ನ ಗಾಡಿಯ ಹಿಂದೆ ಬಂದೆ ಎಂದೇ? ಇಷ್ಟು ಕಾಲ ಕದ್ದು ಆಲಿಸಿದ್ದೆಲ್ಲ ಬಯಲಾಗುತ್ತದೆ. ಅವಳು ಮತ್ತೆ ಆ ಅಳು ಕಟ್ಟಿದ ದನಿಯಲ್ಲಿ, 'ಅಪ್ಪ, ಇದಾ ನೀವು ಕೊಟ್ಟ ಮಾತು' ಎಂದರೆ? ಕೂತರು, ಎದ್ದರು, ಮತ್ತೆ ಕೂತರು.

'ಏನಾಯ್ತು ಭುಜಬಲಿಯಣ್ಣ? ಬೆಂಚಿನಲ್ಲಿ ಮುಳ್ಳುಂಟಾ?' ಎಂದ ಸುಲೈಮಾನ್.

ವಿಷಯ ಹೇಳಿದರು. ಸುಲೈಮಾನ್ ಸೌಟು ಕೆಳಗಿಟ್ಟ.

'ನಾನು ಬೇಕಾದ್ರೆ ಕೊಟ್ಟು ಬರ್ತೇನೆ. ಯಾರೋ ಕಳಿಸಿದ್ದು ಅಂತ ಹೇಳ್ತೇನೆ.'

'ಅವಳಮ್ಮನ ಕೈಯ ಪುಂಡಿ ಅವಳಿಗೆ ಗೊತ್ತಾಗುವುದಿಲ್ವಾ?'

'ಹಾಗಾದ್ರೆ ನೀವೇ ಹೋಗಿ ಮಾರಾಯ್ರೆ! ಮಗಳಿಗೆ ಹಸಿವಾದ್ರೆ ಅಪ್ಪ ನೆಪ ಹುಡುಕ್ತಾ ಕೂರುದಾ?'

ಆದರೂ ಅವರು ಏಳಲಿಲ್ಲ. ಇಷ್ಟರಲ್ಲಿ ಮಗಳು ಡ್ರೈವರನ ಹತ್ತಿರ ಬಿಸ್ಕೆಟ್ ಉಂಟಾ ಎಂದು ಕೇಳಿದಳು. ಇಲ್ಲ ಎಂದಿತು ಆ ಕಡೆಯ ದನಿ. ಮಾಸ್ಟರು ಮತ್ತೊಮ್ಮೆ ರೆಡಿಯಾಗಿರಿ ಎಂದರು. ಆಲ್ ರೈಟ್ ಎಂದಳು. ಆಮೇಲೆ ಅನಿಷಾಳ ದನಿ ನಿಂತಿತು. ಅದೇ ಸಂಜೆಯ ಮೌನ. ಆದರೆ ಇವತ್ತು ಅವಳ ಕೈಯಲ್ಲಿ ಡಬ್ಬಿ ಇಲ್ಲವೆಂದು ಭುಜಬಲಿಗೆ ಗೊತ್ತಿತ್ತು. ಡಬ್ಬಿ ಇಲ್ಲದ ದಿನವೂ ಮೌನ ಹೀಗೇ ಇರುತ್ತದೆ! ಹಾಗಾದರೆ ಇಷ್ಟು ದಿನ ತಾನು ಕೇಳಿ ಸಂತೋಷಪಟ್ಟದ್ದು ಏನನ್ನು? ಇಯರ್‌ಫೋನು ಕಿವಿಯಲ್ಲೇ ಇತ್ತು, ಚೀಲ ಹೆಗಲಿಗೇರಿಸಿ ಬುತ್ತಿ ಹಿಡಿದು ಎದ್ದೇಬಿಟ್ಟರು.

ಗೂಡ್ಸ್ ಗಾಡಿ ಉದ್ದವಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಎಷ್ಟು ಉದ್ದ ಎಂದು ಅದರ ಪಕ್ಕದ ಜಲ್ಲಿಯ ಮೇಲೆ ಹವಾಯಿ ಚಪ್ಪಲಿಯಲ್ಲಿ ನಡೆದವನಿಗೇ ಗೊತ್ತು. ಒಂದು ವ್ಯಾಗನ್ ಮುಗಿದರೆ ಇನ್ನೊಂದು, ಹಗಲಿಡೀ ಬಿಸಿಲು ಕುಡಿದ ಕಬ್ಬಿಣದ ಝಳ. ಮೊಣಕಾಲು ಬೇಡ ಬೇಡ ಎನ್ನುತ್ತಿತ್ತು. ಹಳಿ ಬದಲಿಸುವ ಪಾಯಿಂಟಿನ ಹತ್ತಿರ ನಿಂತವನೊಬ್ಬ ಕೂಗಿದ.

'ಯಾರದು? ಇಲ್ಲಿ ಬರ್ಲಿಕ್ಕಿಲ್ಲ!'

'ಮೇಡಂನ ಅಪ್ಪ' ಎಂದರು ಭುಜಬಲಿ, ನಿಲ್ಲದೆ.

ಗಾಡಿಯ ಕೊನೆ ಮುಟ್ಟುವಾಗ ತೆಂಗಿನ ತಲೆಯ ಮೇಲೆ ಸೂರ್ಯನಿರಲಿಲ್ಲ. ಬರೀ ಕೆಂಪು ಇತ್ತು. ಗಾರ್ಡಿನ ಗೂಡಿನ ಸಣ್ಣ ಜಗಲಿಯಲ್ಲಿ ಅನಿಷಾ ನೆಲದ ಮೇಲೆ ಕೂತಿದ್ದಳು. ಬೂಟು ಬಿಚ್ಚಿಟ್ಟು ಕಾಲು ನೀಡಿ ತಲೆಯನ್ನು ಕಬ್ಬಿಣಕ್ಕೆ ಆನಿಸಿದ್ದಳು. ಕಣ್ಣು ತೆರೆದೇ ಇತ್ತು. ಎದುರಿಗೆ ಯಾರೋ ಬಂದದ್ದು ಕಂಡರೂ ಅದು ಅಪ್ಪನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

'ಅಪ್ಪ?'

'ಪುಂಡಿ ಉಂಟು' ಎಂದರು ಭುಜಬಲಿ. ಬೇರೇನೂ ತೋಚಲಿಲ್ಲ. 'ಆದರೆ ಹೊತ್ತು ಮುಳುಗಿತು ಮಗಾ. ನಾನು ತಡ ಮಾಡಿದೆ.'

ಅವಳ ಕಣ್ಣು ಇಯರ್‌ಫೋನಿನ ವಯರು ಹಿಡಿದು ಚೀಲದವರೆಗೆ ಇಳಿಯಿತು. ರೇಡಿಯೋ ರಿಪೇರಿಯವನ ಮಗಳು, ವಿವರಿಸಿ ಹೇಳಬೇಕಾಗಿರಲಿಲ್ಲ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಲೂ ತ್ರಾಣ ಬೇಕಲ್ಲ.

'ಎಷ್ಟು ದಿನದಿಂದ?'

'ಸುಮಾರು ದಿನ ಆಯ್ತು. ಸಂಜೆ ನೀನು ಸುಮ್ಮನಾದರೆ ಊಟ ಮಾಡ್ತಾ ಇದ್ದೀ ಅಂತ ನಾನೂ ಅಲ್ಲಿ ಕೂತು ಊಟ ಮಾಡ್ತಿದ್ದೆ.'

ಅನಿಷಾ ಮುಖ ಆಚೆ ತಿರುಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು.

'ಆ ಹೊತ್ತಿಗೆ ಹೀಗೇ ಕೂತಿರ್ತೇನೆ ಅಪ್ಪ. ಡಬ್ಬಿ ಪಕ್ಕದಲ್ಲಿದ್ರೂ ಕೈ ಏಳುದಿಲ್ಲ. ಕತ್ತಲಾದ ಮೇಲೆ ಹೊಟ್ಟೆ ಸುಡ್ಲಿಕ್ಕೆ ಶುರುವಾಗ್ತದೆ. ಆಗ ತಿಂತೇನೆ. ಎಷ್ಟೋ ಸಲ ತಿಂದಿದ್ದೇನೆ. ಅಮ್ಮನಿಗೆ ಹೇಳಬೇಡಿ.'

ಭುಜಬಲಿ ಬುತ್ತಿಯ ಮುಚ್ಚಳ ತೆಗೆದು ಅವಳ ಮುಂದೆ ಇಟ್ಟರು. ಪಡುವಣದ ಕೆಂಪು ಆರುತ್ತಿತ್ತು. ಆ ಕಡೆ ಅವರು ನೋಡಲಿಲ್ಲ.

'ತಿನ್ನು' ಎಂದರು.

ಅವಳು ತಿಂದಳು. ಮೊದಲ ಪುಂಡಿಯನ್ನು ಗಸಿಯಲ್ಲಿ ಅದ್ದದೆ ಹಾಗೆಯೇ ನುಂಗಿದಳು. ಅದನ್ನು ನೋಡುತ್ತಾ ನಿಂತ ಭುಜಬಲಿಗೆ ಅಳು ಬಂತು, ಬಂದದ್ದನ್ನು ಕೆಮ್ಮಿ ಮುಚ್ಚಿದರು. ಕೊನೆಗೆ ಕೊಟ್ಟ ಮಾತು ಮುರಿದು ವಿಚಾರಿಸಿದರು.

'ಲಾಯಿಲದವರಿಗೆ ನಾಳೆ ಹೇಳಬೇಕು. ನಿನಗೆ ಏನು ಬೇಕು ಮಗಾ? ನನ್ನ ಮಾತು ಬಿಡು. ನಿನಗೆ?'

'ಬೇಡ ಅಪ್ಪ. ಆ ಹುಡುಗ ಬೇಡ ಅಂತಲ್ಲ, ಕೆಲಸ ಬಿಡ್ಲಿಕ್ಕೆ ಮನಸ್ಸಿಲ್ಲ. ಸಾಯುವಷ್ಟು ಸುಸ್ತಾಗ್ತದೆ, ಆದ್ರೂ ಬಿಡ್ಲಿಕ್ಕೆ ಮನಸ್ಸಿಲ್ಲ. ಬೇಡ ಅಂತ ಅಮ್ಮನಿಗೆ ಹೇಳಿ, ಯಾಕೆ ಅಂತ ಹೇಳಿ, ಮತ್ತೆ ಅವರು ಕೂಗಿ... ಅಷ್ಟಕ್ಕೆಲ್ಲ ಆ ದಿನ ನನ್ನಲ್ಲಿ ಏನೂ ಉಳಿದಿರ್ಲಿಲ್ಲ. ನೀವಾದ್ರೂ ಒಂದು ಫೋನ್ ಮಾಡಿ ಕೇಳ್ತೀರಿ ಅಂತ ಕಾದೆ.'

'ವಿಚಾರಿಸಬೇಡಿ ಅಂತ ನೀನೇ ಹೇಳಿದ್ದಲ್ವಾ?'

'ಆಫೀಸಿನವರ ಹತ್ರ ವಿಚಾರಿಸಬೇಡಿ ಅಂತ ಹೇಳಿದ್ದು ಅಪ್ಪ' ಎಂದಳು ಅನಿಷಾ. 'ನನ್ನ ಹತ್ರ ಬೇಡ ಅಂತ ಯಾವಾಗ ಹೇಳಿದ್ದು?'

ಎದುರಿನ ಗಾಡಿ ಬಂತು. ಕಿಟಕಿಗಳ ಬೆಳಕು ಅಪ್ಪ ಮಗಳ ಮೇಲೆ ಹರಿದು ಹೋಯಿತು. ಅದರ ಸದ್ದಿನಲ್ಲಿ ಭುಜಬಲಿ ಏನು ಉತ್ತರ ಕೊಟ್ಟರೋ, ಕೊಟ್ಟರೋ ಇಲ್ಲವೋ, ಅವಳಿಗೆ ಕೇಳಿಸಲಿಲ್ಲ. ಅವಳು ಬೂಟು ಏರಿಸಿ, ಬಾಯಿ ಒರೆಸಿ, ವಾಕಿಟಾಕಿ ಎತ್ತಿಕೊಂಡಳು. 'ಬದಿಗೆ ನಿಲ್ಲಿ ಅಪ್ಪ' ಎಂದಳು. ಗಾಡಿ ಜಗ್ಗಿ ಹೊರಟಿತು. ಎದುರಿನಲ್ಲೇ ಕಂಡ ತುಟಿಯ ಮಾತು ಇಯರ್‌ಫೋನಿನಲ್ಲೂ ಬಂತು. ಆಲ್ ರೈಟ್. ಭುಜಬಲಿ ಇಯರ್‌ಫೋನು ಕಿವಿಯಿಂದ ತೆಗೆದು ಚೀಲಕ್ಕೆ ಹಾಕಿದರು.

ವಾಪಸು ಬರುವಾಗ ಸುಲೈಮಾನ್ ಅಂಗಡಿಯ ದೀಪ ಹಾಕಿದ್ದ. ಯಂತ್ರವನ್ನು ಅವನ ಮೇಜಿನ ಮೇಲಿಟ್ಟು, 'ನಿನ್ನದು ನೀನೇ ಇಟ್ಕೋ' ಎಂದರು.

'ಹಾಳಾಯ್ತಾ?'

'ಇಲ್ಲ, ಸರಿ ಉಂಟು. ನನಗೆ ಬೇಡ.'

ಮನೆಗೆ ಬಂದಾಗ ಅನಂತಮತಿ ಚೀಲ ತೆಗೆದುಕೊಂಡರು. ಬಹಳ ಹಗುರವಿತ್ತು.

'ಬುತ್ತಿ ಎಲ್ಲಿ?'

'ಅನಿಷಾಳ ಹತ್ರ.'

ಅನಂತಮತಿ ಯಾಕೆ, ಹೇಗೆ ಎಂದು ಕೇಳಲಿಲ್ಲ. ಇಬ್ಬರಿಗಾಗುವಷ್ಟು ಕಟ್ಟುತ್ತಿದ್ದವರು ಅವರೇ ಅಲ್ಲವೇ.

'ತಿಂದ್ಳಾ?'

ಭುಜಬಲಿ ತಡವರಿಸಿದರು. ಹೇಳಬೇಡಿ ಎಂದಿದ್ದಳು ಮಗಳು. 'ತಿಂದ್ಳು. ನಾನು ಮುಟ್ಟುವಾಗ ಹೊತ್ತು ಮುಳುಗಿತ್ತು.'

ಅನಂತಮತಿ ದೇವರ ಕೋಣೆಯ ಕಡೆಗೊಮ್ಮೆ ನೋಡಿದರು. 'ತಿಂದ್ಳಲ್ಲ' ಎಂದರು ಆಮೇಲೆ, ಅಷ್ಟೇ.

ಮರುದಿನ ಲಾಯಿಲದ ಫೋನು ಬಂದಾಗ ಭುಜಬಲಿ ಆಗುವುದಿಲ್ಲ ಎಂದರು. ಮಗಳಿಗೆ ಕೆಲಸ ಬಿಡಲು ಇಷ್ಟವಿಲ್ಲ ಎಂದರು. ಆ ಕಡೆಯವರು ಬೇಸರಪಟ್ಟರು, ಜಗಳವಾಡಲಿಲ್ಲ. ಅನಂತಮತಿ ಒಳಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟರು. ಭುಜಬಲಿ ಅಂಗಡಿಗೆ ಬಂದು ಬಾಗಿಲು ತೆರೆದು, ಬಿಚ್ಚಿಟ್ಟ ಮಿಕ್ಸಿಯೊಂದನ್ನು ಬದಿಗೆ ಸರಿಸಿ, ಮಗಳಿಗೆ ಫೋನು ಮಾಡಿದರು.

ಮಳೆಯ ಮಾತು ಬಾಯಿಯವರೆಗೆ ಬಂದಿತ್ತು. ತಡೆದುಕೊಂಡರು.

'ನಿನ್ನೆ ನಿದ್ದೆ ಬಂತಾ ಮಗಾ?'

ಎಲ್ಲ ಸರಿ ಉಂಟು ಅಪ್ಪ ಎನ್ನುತ್ತಾಳೆ ಎಂದು ಅವರು ಕಾದರು.

'ಇಲ್ಲ ಅಪ್ಪ' ಎಂದಳು ಅನಿಷಾ.

ಭುಜಬಲಿ ಕಾಲಿನಿಂದ ಸ್ಟೂಲು ಎಳೆದುಕೊಂಡು ಕೂತರು. 'ಯಾಕೆ, ಹೇಳು' ಎಂದರು.